ಹದಿಮೂರರ ಊಟ ಮುಗಿದ ಮೇಲೆ

ಮಾನ್ಯರೆ,

ಮಲೆನಾಡಿನ ಒಂಟಿ ಮನೆಯಲ್ಲಿ ಸಾವಾದರೆ ವೈಕುಂಠ ಸಮಾರಾಧನೆವರೆಗೆ ಜನವೋ ಜನ. ಆಮೇಲೆ ಉಳಿಯುವುದು ಜಗಲಿ ಗೂಟದಲ್ಲಿ ತೂಗುವ ಹೋದವರ ಕಂಬಳಿ, ಹೊರಗೆ ಜಡಿಮಳೆ. ನೆಂಟರು ಬರಬೇಕಾದ್ದು ಆಗ. ‘ಅಳಬೇಡ’ ಅನ್ನದೆ, ಹೋದವರ ಹೆಸರು ಹಿಡಿದೇ ಮಾತಾಡಲಿ. ಪೌತಿ ಖಾತೆ, ಸೊಸೈಟಿ ಸಾಲದ ಓಡಾಟಕ್ಕೆ ಜೊತೆಯಾಗಲಿ.

ಎರಡು ವಾರ ಕಳೆದರೂ ನಿದ್ದೆ, ಊಟ ಸೇರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ. ಸಾಯುವ ಮಾತು ಬಂದರೆ ಕಾಯಬೇಡಿ, ಅಂದೇ ಮಾಡಿ. ಕೊಟ್ಟಿಗೆಯ ಕಳೆನಾಶಕದ ಕ್ಯಾನನ್ನೂ ಅಂದೇ ಬೇರೆ ಮನೆಗೆ ಸಾಗಿಸಿ.

ಬರೀ ದುಃಖಕ್ಕೆ ಮಾತ್ರೆ ಬೇಕಿಲ್ಲ. ಖಿನ್ನತೆಯೆಂದು ವೈದ್ಯರು ಕೊಟ್ಟರೆ, ಗುಣ ಕಾಣಲು 2ರಿಂದ 4 ವಾರ ಹಿಡಿಯುತ್ತದೆ. ಬಹಳ ಜನ ಎಡವುವುದು ಇಲ್ಲೇ: ಎಂಟು ದಿನ ನುಂಗಿ ‘ಉಪಯೋಗವಿಲ್ಲ’ ಎಂದು ಬಿಡುತ್ತಾರೆ. ಹಗುರಾದ ಮೇಲೂ ಸಾಮಾನ್ಯವಾಗಿ 6 ತಿಂಗಳಾದರೂ ಮುಂದುವರಿಸಬೇಕು. ನಿಲ್ಲಿಸುವಾಗಲೂ ವೈದ್ಯರು ಹೇಳಿದಂತೆ, ಹಂತಹಂತವಾಗಿ.

– ಓದುಗರು, ತೀರ್ಥಹಳ್ಳಿ