ಓಟಕ್ಕೆ ಮೊದಲು ಮಕ್ಕಳ ಮೈ ಬಿಸಿ ಆಗ್ಲಿ ಮಾಸ್ತರ್ರೇ

ಸಂಪಾದಕರಿಗೆ ನಮಸ್ಕಾರ,

ಆಗಸ್ಟ್ ಬಂತು ಅಂದ್ರೆ ನಮ್ಮ ಶಿರಸಿ ಸಿದ್ದಾಪುರ ಕಡೆ ಶಾಲೆ ಮಕ್ಕಳ ಕ್ರೀಡಾಕೂಟ ಶುರು, ಜೊತೆಗೆ ಜಡಿಮಳೆನೂ. ಹೋದ ವರ್ಷ ಅಂಥದ್ದೇ ಒಂದು ಕೂಟಕ್ಕೆ ಮಗಳನ್ನ ಕರ್ಕೊಂಡು ಹೋಗಿದ್ದೆ, ಅವಳದ್ದು ಲಾಂಗ್ ಜಂಪ್. ಬೆಳಿಗ್ಗೆ ಎಂಟಕ್ಕೆ ಹೋದವ್ರು ಹನ್ನೊಂದೂವರೆ ತನಕ ಜಗಲಿ ಮೇಲೆ ಒದ್ದೆ ಬಟ್ಟೇಲಿ ಮುದುಡ್ಕೊಂಡು ಕೂತಿದ್ವಿ, ಆಮೇಲೆ ಒಮ್ಮೆಲೇ ಮೈಕಲ್ಲಿ ಹೆಸರು ಕರೆದ್ರು, ಮಕ್ಕಳನ್ನ ಸಾಲಾಗಿ ನಿಲ್ಸಿ ಬಗ್ಗಿ ಕಾಲ್ಬೆರಳು ಮುಟ್ಟಿ ಹಂಗೇ ಇರಿ ಅಂತ ಐವತ್ತರ ತನಕ ಎಣಿಸಿದ್ರು, ವಾರ್ಮ್ ಅಪ್ ಮುಗೀತು. ಎರಡನೇ ಜಂಪಿಗೆ ಓಡಿ ಬಂದವಳು ಹಲಗೆ ಮುಟ್ಟೋಕೆ ಮೊದಲೇ ತೊಡೆ ಹಿಂದೆ ಹಿಡ್ಕೊಂಡು ಕೂತ್ಬಿಟ್ಲು. "ಅಪ್ಪ, ಏನೋ ಟಪ್ ಅಂತು" ಅಂದ್ಲು. ಹ್ಯಾಮ್‌ಸ್ಟ್ರಿಂಗ್ ಅನ್ನೋ ತೊಡೆ ಹಿಂದಿನ ಸ್ನಾಯು ಸ್ವಲ್ಪ ಹರಿದಿತ್ತು, ಆರು ವಾರ ಓಟ ಬಂದ್.

ಆ ಮಾಸ್ತರ್ರ ಮೇಲೆ ನಂಗೆ ಸಿಟ್ಟಿಲ್ಲ, ನಾನೂ ಶಾಲೇಲಿ ಅದನ್ನೇ ಕಲ್ತಿದ್ದು. ಆದ್ರೆ ಫಿಸಿಯೋಥೆರಪಿಗೆ ಓಡಾಡೋವಾಗ ತಿಳಿದದ್ದನ್ನ ಎಲ್ಲರಿಗೂ ಹೇಳ್ಬೇಕು ಅನ್ನಿಸ್ತು. ಸ್ಟ್ರೆಚಿಂಗ್, ಅಂದ್ರೆ ಸ್ನಾಯು ಎಳೆಯೋದು, ಬರೀ ನೋವು ತಪ್ಸೋಕೆ ಅಲ್ಲ, ಜಿಗಿಯೋ ಬಲಾನೂ ಅದರಲ್ಲಿದೆ. ತೋಟದಲ್ಲಿ ಮಂಗ ಓಡಿಸೋ ಕ್ಯಾಟರ್‌ಬಿಲ್ಲು ನೋಡಿ, ರಬ್ಬರ್ ಎಷ್ಟು ದೂರ ಎಳೆಯೋಕೆ ಬರುತ್ತೋ ಕಲ್ಲು ಅಷ್ಟು ಜೋರು. ನಮ್ಮ ಹಿಮ್ಮಡಿ ಮೇಲಿನ ಅಕಿಲಿಸ್ ಸ್ನಾಯುರಜ್ಜು, ಮೀನಖಂಡ, ತೊಡೆ ಎಲ್ಲ ಹಂಗೇ, ಎಳೆದು ತಕ್ಷಣ ಬಿಟ್ರೆ ಹಾರ್ತವೆ. ಮನೇಲೇ ಮಾಡಿ ನೋಡಿದ್ವಿ. ಮಗಳ ಬೆರಳಿಗೆ ಸುಣ್ಣ ಹಚ್ಚಿ ಗೋಡೆ ಪಕ್ಕ ನಿಲ್ಸಿದೆ, ಮೊದಲು ಮಂಡಿ ಬಗ್ಗಿಸಿ ಮೂರು ಎಣಿಸೋ ತನಕ ಹಂಗೇ ನಿಂತು ಹಾರಿದ್ಲು, ಆಮೇಲೆ ಬಗ್ಗಿದ ಕೂಡ್ಲೇ ಹಾರಿದ್ಲು. ಎರಡನೇ ಗುರುತು ಎರಡು ಬೆರಳು ಮೇಲಿತ್ತು! ಅದೇ ಹುಡುಗಿ, ಅದೇ ಕಾಲು.

ಇನ್ನೊಂದು ವಿಷಯ, ಸೊಂಟ ಬಿಗಿಯಾಗಿದ್ರೆ ಮಂಡಿ ಮೇಲೆ ಬರಲ್ಲ, ಹೆಜ್ಜೆ ಗಿಡ್ಡ ಆಗ್ತದೆ. ಭುಜ ಬಿಗಿ ಇದ್ರೆ ಎಸೆಯೋ ಕೈ ಹಿಂದೆ ಹೋಗಲ್ಲ, ಭರ್ಜಿ ಮೇಲೆ ಬಲ ಹಾಕೋಕೆ ಜಾಗಾನೇ ಸಾಲಲ್ಲ. 2021ರಲ್ಲಿ ಟೋಕಿಯೋದಲ್ಲಿ ನೀರಜ್ ಚೋಪ್ರಾ 87.58 ಮೀಟರ್ ಎಸೆದ ವಿಡಿಯೋ ನಿಧಾನಕ್ಕೆ ಹಾಕಿ ನೋಡಿ, ಎದೆ ಮುಂದೆ, ಕೈ ಹಿಂದೆ, ಮೈಯೆಲ್ಲ ಬಿಲ್ಲು. ಅಷ್ಟು ದೂರ ಯಾಕೆ, ನಮ್ಮ ಬಡಗುತಿಟ್ಟು ಯಕ್ಷಗಾನದ ವೇಷಧಾರಿ ಗೆಜ್ಜೆ ಕಿರೀಟ ಎಲ್ಲ ಕಟ್ಕೊಂಡು ಮಂಡಿ ಹಾಕಿ ಸುತ್ತೋದು ನೋಡಿಲ್ವಾ, ಮೈ ಮಣಿಯದೆ ಬರೀ ತಾಕತ್ತಿಂದ ಆಗೋ ಕೆಲಸಾನಾ ಅದು? ಹಂಗಂತ ಮೈ ಬಳ್ಳಿ ಥರ ಬಗ್ಗಿದ್ರೆ ಸಾಕು ಅಂತಲ್ಲ, ಬೈಠಕ್ ದಂಡ ಹೊಡೆದು ಕಸುವೂ ಬೇಕು.

ಆದ್ರೆ ತಣ್ಣಗಿರೋ ಮೈಯನ್ನ ಎಳೆದು ನಿಮಿಷಗಟ್ಲೆ ಹಿಡಿದು ಕೂಡ್ಲೇ ಜಿಗಿ ಅಂದ್ರೆ ಜಿಗಿತ ಕಮ್ಮಿನೇ ಆಗ್ತದಂತೆ. ಸ್ಪರ್ಧೆಗೆ ಮೊದಲು ಬೇಕಾದ್ದು ಚಲಿಸ್ತಾ ಮಾಡೋ ಸ್ಟ್ರೆಚಿಂಗ್, ಅಂದ್ರೆ ನಿಧಾನ ಓಟ, ಆಮೇಲೆ ಕಾಲು ಹಿಂದೆ ಮುಂದೆ ಬೀಸೋದು, ಮಂಡಿ ಎತ್ತಿ ನಡೆಯೋದು, ಉದ್ದ ಹೆಜ್ಜೆ ಇಟ್ಟು ಕೂರೋದು, ಕೊನೇಲಿ ನಾಲ್ಕೈದು ಸಣ್ಣ ಜಿಗಿತ. ಹತ್ತು ಹದಿನೈದು ನಿಮಿಷ ಸಾಕು. ಹಿಡಿದು ನಿಲ್ಲೋ ಸ್ಟ್ರೆಚಿಂಗ್ ಆಟ ಮುಗಿದ ಮೇಲೆ, ಒಂದೊಂದು ಸಲಕ್ಕೆ ಅರ್ಧ ನಿಮಿಷ, ವಾರಕ್ಕೆ ಎರಡು ಮೂರು ದಿನ ಆದ್ರೂ, ಅದೂ ತಿಂಗಳುಗಟ್ಲೆ ಬಿಡದೆ ಮಾಡಿದ್ರೆ ಮೈ ಮಣೀತದೆ. ಕೂಟದ ಹಿಂದಿನ ದಿನ ಮಾಡಿದ್ರೆ ಏನೂ ಬರಲ್ಲ. ಮೊದಲೆಲ್ಲ ಅಡಿಕೆ ಸುಲಿಯೋಕೆ ನೆಲದ ಮೇಲೆ ತಾಸುಗಟ್ಲೆ ಕೂರ್ತಿದ್ವಿ, ಈಗಿನ ಮಕ್ಕಳು ಬೆಂಚು, ಬಸ್ಸು, ಕುರ್ಚಿ ಮೇಲೇ ಇರೋದ್ರಿಂದ ಇದು ಇನ್ನೂ ಬೇಕು.

ಕೂಟ ನಡೆಸೋವ್ರಲ್ಲಿ ಕೈ ಮುಗಿದು ಕೇಳೋದು ಇಷ್ಟೇ, ಯಾವ ಸ್ಪರ್ಧೆ ಯಾವಾಗ ಅಂತ ಅರ್ಧ ಗಂಟೆ ಮೊದಲು ಮೈಕಲ್ಲಿ ಹೇಳಿ. ಮಗಳು ಈ ವರ್ಷ ಮತ್ತೆ ಲಾಂಗ್ ಜಂಪಿಗೆ ಹೆಸರು ಕೊಟ್ಟಿದ್ದಾಳೆ, ಮಳೆ ಬಂದ್ರೂ ಜಗಲಿ ಮೇಲೇ ಮೈ ಬಿಸಿ ಮಾಡ್ಕೊಳ್ತಾಳೆ.

ಇಂತಿ,
ಒಬ್ಬ ಅಪ್ಪ, ಶಿರಸಿ ತಾಲೂಕು