ಜ್ವರ ಬರೆದಿಡುತ್ತೇವೆ, ನಡಿಗೆಯನ್ನೂ ಬರೆದಿಡೋಣ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಆಸ್ಪತ್ರೆಯ ವಾರ್ಡುಗಳಲ್ಲಿ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್. ದಾಖಲಾದವರನ್ನು, ಅದರಲ್ಲೂ ವಯಸ್ಸಾದವರನ್ನು, ಹಾಸಿಗೆಯಿಂದ ಎಬ್ಬಿಸಿ ನಡೆಸುವುದು ನನ್ನ ಕೆಲಸ. ಆಸ್ಪತ್ರೆಗಳಿಗೆ ಯಾವ ಸಾಧನ ಕೊಳ್ಳಬೇಕು ಅನ್ನುವ ತೀರ್ಮಾನ ತಮ್ಮದು. ರೋಗಿಗಳ ಓಡಾಟ ಅಳೆಯಲು ಮೈಗೆ ಕಟ್ಟುವ ಸೆನ್ಸರ್‌ಗಳನ್ನು ವಾರ್ಡಿಗೆ ತನ್ನಿ ಅಂತ ಕೇಳಿಕೊಳ್ಳುತ್ತಿದ್ದೇನೆ. ಹೇಗೆ ತರಬೇಕು ಅನ್ನುವುದನ್ನೂ ಹೇಳಬೇಕಿದೆ.

ಯಾವುದೇ ವಾರ್ಡಿಗೆ ಹೋಗಿ, ಮಂಚಕ್ಕೆ ನೇತುಹಾಕಿದ ಚಾರ್ಟ್ ನೋಡಿ. ಜ್ವರ, ನಾಡಿ, ಬಿಪಿ, ಎಷ್ಟು ನೀರು ಕುಡಿದರು, ಎಷ್ಟು ಮೂತ್ರ ಹೋಯಿತು, ಎಲ್ಲ ಇರುತ್ತದೆ. ಇವತ್ತು ಅವರು ಎದ್ದು ನಿಂತರಾ, ನಾಲ್ಕು ಹೆಜ್ಜೆ ಹಾಕಿದರಾ, ಅದು ಮಾತ್ರ ಇರುವುದಿಲ್ಲ. ರೋಗಿಯನ್ನೇ ಕೇಳೋಣ ಅಂದರೆ ಅದೂ ಕಷ್ಟ. "ಅಜ್ಜಾ, ಬೆಳಗ್ಗೆಯಿಂದ ಓಡಾಡಿದ್ರಾ?" ಅಂದರೆ "ಹೂಂ, ಓಡಾಡ್ದೆ" ಅನ್ನುತ್ತಾರೆ. ಪಕ್ಕದಲ್ಲಿ ಕೂತ ಮಗಳು ಮೆಲ್ಲಗೆ ತಲೆ ಅಲ್ಲಾಡಿಸುತ್ತಾಳೆ. ಬಾತ್‌ರೂಮಿಗೆ ಒಂದು ಸಲ ಹೋಗಿ ಬಂದದ್ದೇ ಆ ಓಡಾಟ. ಅಜ್ಜ ಸುಳ್ಳು ಹೇಳುತ್ತಿಲ್ಲ. ಸೋತ ಮೈಗೆ ಅಷ್ಟೇ ಬೆಟ್ಟ ಹತ್ತಿದ ಹಾಗೆ.

ಸೆನ್ಸರ್ ಕಟ್ಟಿ ನೋಡಿದಾಗ ಸಿಕ್ಕ ಲೆಕ್ಕ ನಮ್ಮ ಅಂದಾಜಿಗಿಂತ ಕೆಟ್ಟದಾಗಿದೆ. ಅಮೆರಿಕದಲ್ಲಿ ಆಸ್ಪತ್ರೆ ಸೇರಿದ್ದ 45 ಹಿರಿಯ ಮಾಜಿ ಸೈನಿಕರ ತೊಡೆಗೂ ಪಾದದ ಗಂಟಿಗೂ ಸೆನ್ಸರ್ ಕಟ್ಟಿ ಅಳೆದರು. 2009ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಶೇ. 83ರಷ್ಟು ಸಮಯ ಅವರು ಮಲಗಿಯೇ ಇದ್ದರು. ನಿಂತದ್ದು, ನಡೆದದ್ದು ಎಲ್ಲ ಸೇರಿ ದಿನಕ್ಕೆ ಸುಮಾರು 43 ನಿಮಿಷ. ಆಸ್ಪತ್ರೆಗೆ ಬರುವ ಮುಂಚೆ ಅವರೆಲ್ಲ ನಡೆಯುತ್ತಿದ್ದವರೇ.

ಮಲಗಿದ್ದರೆ ಏನಾಗುತ್ತದೆ? 2007ರ ಇನ್ನೊಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಇರಿಸಿದರು. ಅವರ ಕಾಲುಗಳ ಮಾಂಸ ಹತ್ತಿರ ಹತ್ತಿರ 1 ಕೆಜಿ ಕರಗಿತ್ತು. ಇನ್ನು ಜ್ವರ, ಸೋಂಕು, ಊಟ ಸೇರದ ಬಾಯಿ ಇರುವವರ ಗತಿ ಏನು ಹೇಳಿ? ನ್ಯುಮೋನಿಯಾ ವಾಸಿಯಾಗಿ ಮನೆಗೆ ಹೋಗುತ್ತಾರೆ, ಆದರೆ ಟಾಯ್ಲೆಟ್ಟಿಗೆ ಹೋಗಲು ಇನ್ನೊಬ್ಬರ ಕೈ ಬೇಕು. ಇಂಥವರನ್ನು ಡಿಸ್ಚಾರ್ಜ್ ದಿನ ವೀಲ್‌ಚೇರಿನಲ್ಲಿ ಕಳಿಸುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಯಾಕೆ ಹೀಗೆ ಅಂದರೆ, ಕೈಯಲ್ಲಿ ಡ್ರಿಪ್, ಮಂಚದ ಸರಳಿಗೆ ಕಟ್ಟಿದ ಯೂರಿನ್ ಬ್ಯಾಗ್, ಎಲ್ಲೋ ಮಂಚದಡಿ ಸೇರಿಕೊಂಡ ಚಪ್ಪಲಿ. ಎಬ್ಬಿಸಬೇಕಾದ ನರ್ಸ್‌ಗೆ ಒಂದೇ ಹೊತ್ತಿಗೆ ಹತ್ತು ಕೆಲಸ. ಎಲ್ಲಕ್ಕಿಂತ ದೊಡ್ಡದು ಭಯ. ರೋಗಿ ಬಿದ್ದರೆ ವಿಚಾರಣೆ ಇದೆ, ಕಾರಣ ಕೇಳುತ್ತಾರೆ. ಮಲಗಿ ಮಲಗಿ ಕಾಲು ಸೋತರೆ ಯಾರೂ ಕೇಳುವುದಿಲ್ಲ. ಹಾಗಿದ್ದಾಗ "ಏಳಬೇಡಿ, ಸುಮ್ನೆ ಮಲಗಿರಿ" ಅನ್ನುವುದೇ ಎಲ್ಲರಿಗೂ ಸುಲಭ, ಅಲ್ವಾ? ಬೀಳುವುದು ಎಲ್ಲರ ಕಣ್ಣಿಗೂ ಕಾಣುತ್ತದೆ, ಕಾಲು ಸೋಲುವುದು ಕಾಣುವುದಿಲ್ಲ. ಅದನ್ನು ಕಾಣಿಸುವುದಕ್ಕೇ ಸೆನ್ಸರ್ ಬೇಕು.

ಈಗ ಟೆಂಡರ್ ವಿಷಯ. ದಯವಿಟ್ಟು ಅದರಲ್ಲಿ "ಕೈಗೆ ಕಟ್ಟುವ ಬ್ಯಾಂಡ್" ಅಂತ ಬರೆಸಬೇಡಿ. ಕೈಬ್ಯಾಂಡ್ ಹೆಚ್ಚಾಗಿ ಕೈ ಬೀಸಾಟ ನೋಡಿ ಹೆಜ್ಜೆ ಎಣಿಸುತ್ತದೆ. ವಾಕರ್ ಹಿಡಿದವರ ಕೈ ಬೀಸುವುದೇ ಇಲ್ಲ. ಕಾರಿಡಾರ್ ಪೂರ್ತಿ ಬೆವರು ಸುರಿಸಿ ನಡೆದರೂ ಅದರಲ್ಲಿ ಬರುವ ಹೆಜ್ಜೆ ಬೆರಳೆಣಿಕೆಯಷ್ಟೇ ಇರಬಹುದು. ಕಾಲೆಳೆದು ನಿಧಾನ ನಡೆಯುವವರದ್ದೂ ಇದೇ ಕಥೆ. ನಮಗೆ ಯಾರ ಲೆಕ್ಕ ಜಾಸ್ತಿ ಬೇಕೋ ಅವರದ್ದೇ ತಪ್ಪಿಹೋಗುತ್ತದೆ. ನಿಧಾನದ ಹೆಜ್ಜೆ ಎಣಿಸಲು ಪಾದದ ಗಂಟು ಒಳ್ಳೆಯ ಜಾಗ. ತೊಡೆಗೆ ಅಂಟಿಸಿದ ಸೆನ್ಸರ್ ತೊಡೆ ನೆಟ್ಟಗಿದೆಯಾ, ಅಡ್ಡ ಇದೆಯಾ ಅಂತ ನೋಡಿ, ನಿಂತಿರುವ ಹೊತ್ತನ್ನು ಬೇರೆ ಮಾಡಿ ಹೇಳುತ್ತದೆ. ಆದರೆ ಕೂತದ್ದಕ್ಕೂ ಮಲಗಿದ್ದಕ್ಕೂ ವ್ಯತ್ಯಾಸ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಅದು ಬೇಕಿದ್ದರೆ ಎದೆಯ ಮೇಲೆ ಇನ್ನೊಂದು ಇಡಬೇಕು. ಕುರ್ಚಿಯಲ್ಲಿ ಅರ್ಧ ಗಂಟೆ ಕೂರುವುದೇ ದೊಡ್ಡ ಗೆಲುವಾದ ರೋಗಿಗಳಿದ್ದಾರೆ. ಹಾಗಾಗಿ ಇದು ಸಣ್ಣ ವಿಷಯ ಅಂತ ಬಿಡುವ ಹಾಗಿಲ್ಲ.

ಎಷ್ಟು ಹೆಜ್ಜೆ ಸಾಕು ಅಂತ ತಾವು ಕೇಳಬಹುದು. 2017ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನವೊಂದರಲ್ಲಿ, ಆಸ್ಪತ್ರೆಯಲ್ಲಿ ದಿನಕ್ಕೆ 900 ಹೆಜ್ಜೆಗಿಂತ ಕಡಿಮೆ ನಡೆದ ಹಿರಿಯರಲ್ಲಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಶಕ್ತಿ ಕುಂದಿದ್ದು ಜಾಸ್ತಿ ಕಂಡಿತು. ಹಾಗಂತ ಪ್ರತಿ ಮಂಚಕ್ಕೂ 900 ಅಂತ ಗುರಿ ಬರೆಸಬೇಡಿ. ಮೊದಲೇ ಜಾಸ್ತಿ ಸುಸ್ತಾದವರು ಕಡಿಮೆ ನಡೆದಿರುತ್ತಾರೆ, ಹಾಗಾಗಿ ಕಡಿಮೆ ನಡೆದದ್ದರಿಂದಲೇ ಶಕ್ತಿ ಕುಂದಿತು ಅಂತ ಹೇಳಲಾಗದು. ನಿನ್ನೆಗಿಂತ ಇವತ್ತು ಹೇಗೆ ಅನ್ನುವುದೇ ವಾರ್ಡಿನಲ್ಲಿ ಉಪಯೋಗಕ್ಕೆ ಬರುವ ಲೆಕ್ಕ.

ಆ ಲೆಕ್ಕ ಕಚೇರಿಯ ಕಂಪ್ಯೂಟರಿನಲ್ಲಿ ಕೂತರೆ ಏನೂ ಪ್ರಯೋಜನವಿಲ್ಲ. ಅದು ಚಾರ್ಟಿನಲ್ಲಿ ಬಿಪಿಯ ಕೆಳಗಿನ ಸಾಲಿನಲ್ಲಿ ಬರಲಿ, ರೌಂಡ್ಸ್‌ಗೆ ಬರುವ ಡಾಕ್ಟರ್ ಕಣ್ಣಿಗೆ ಬೀಳಲಿ. "ಇವರು ನಿನ್ನೆ ಎದ್ದೇ ಇಲ್ಲ, ಈ ಡ್ರಿಪ್ ಇನ್ನೂ ಬೇಕಾ?" ಅಂತ ಅಲ್ಲೇ ಮಾತು ಬರಲಿ. ಜೊತೆಗೆ, ಕೈ ಹಿಡಿದು ನಡೆಸುವ ಜನ ಬೇಕು. ಸೆನ್ಸರ್ ಯಾರನ್ನೂ ಎಬ್ಬಿಸುವುದಿಲ್ಲ. ಹಣ ಎರಡರಲ್ಲಿ ಒಂದಕ್ಕೇ ಸಾಕಾಗುವುದಾದರೆ ಮೊದಲು ಜನರನ್ನೇ ಕೊಡಿ.

ಈ ಲೆಕ್ಕ ಹಿಡಿದು ನರ್ಸ್‌ಗಳಿಗೆ ನೋಟಿಸ್ ಕೊಡಬೇಡಿ. ಕೊಟ್ಟರೆ ಲೆಕ್ಕ ಚೆನ್ನಾಗಿ ಕಾಣುತ್ತದೆ, ರೋಗಿ ಮಲಗಿಯೇ ಇರುತ್ತಾರೆ. ಕಟ್ಟುವ ಮುಂಚೆ ರೋಗಿಗೆ ಅವರ ಮಾತಿನಲ್ಲೇ ತಿಳಿಸಿ ಒಪ್ಪಿಗೆ ಪಡೆಯಬೇಕು, ಬೇಡ ಅಂದರೆ ಬಿಡಬೇಕು. ಈ ಮಾಹಿತಿ ವಿಮಾ ಕಂಪನಿಯ ಕೈಗೆ ಹೋಗಕೂಡದು. ವಯಸ್ಸಾದವರ ಚರ್ಮ ತೆಳು, ಪಟ್ಟಿಯ ಅಡಿ ದಿನವೂ ನೋಡಬೇಕು. ಒಬ್ಬರಿಂದ ಇನ್ನೊಬ್ಬರಿಗೆ ಕಟ್ಟುವಾಗ ಸೋಂಕು ಹರಡದ ಹಾಗೆ ಒರೆಸುವುದು ಯಾರ ಕೆಲಸ ಅಂತ ಮೊದಲೇ ಗೊತ್ತುಮಾಡಬೇಕು.

ಎಲ್ಲ ಕಡೆ ಒಟ್ಟಿಗೆ ಶುರು ಮಾಡಬೇಕಿಲ್ಲ. ವಯಸ್ಸಾದವರು ಜಾಸ್ತಿ ಇರುವ ಒಂದೆರಡು ವಾರ್ಡ್ ಸಾಕು. ಮೊದಲು ಬರೀ ಅಳೆಯೋಣ, ಆಮೇಲೆ ನಡೆಸುವ ಜನ ಕೊಟ್ಟು ಮತ್ತೆ ಅಳೆಯೋಣ. ಬಂದ ಫಲಿತಾಂಶ ಒಳ್ಳೆಯದಿರಲಿ, ಕೆಟ್ಟದಿರಲಿ, ಜನರ ಮುಂದೆ ಇಡಿ.

ಟೆಂಡರ್ ಕರೆಯುವ ಮುಂಚೆ ಒಂದು ಸಭೆ ಕರೆಯಿರಿ. ನರ್ಸ್‌ಗಳು, ಫಿಸಿಯೋಥೆರಪಿಸ್ಟ್‌ಗಳು, ರೋಗಿಯ ಪಕ್ಕ ರಾತ್ರಿ ಕಳೆಯುವ ಮನೆಯವರು ಅಲ್ಲಿರಲಿ. ಮಾರಲು ಬಂದವರು ತಮ್ಮ ಸಾಧನ ತರಲಿ, ನಾನು ವಾಕರ್ ತರುತ್ತೇನೆ. ಅದನ್ನು ಹಿಡಿದು ನಮ್ಮ ರೋಗಿಗಳ ಹಾಗೆ ನಿಧಾನಕ್ಕೆ ನಡೆದು ತೋರಿಸುತ್ತೇನೆ. ಯಾವುದು ಹೆಜ್ಜೆ ಸರಿಯಾಗಿ ಎಣಿಸುತ್ತದೆ ಅಂತ ತಾವೇ ನೋಡಿ ತೀರ್ಮಾನ ಮಾಡಿ.

ಇಂತಿ ತಮ್ಮ ವಿಶ್ವಾಸಿ,
ವಾರ್ಡಿನ ಒಬ್ಬ ಫಿಸಿಯೋಥೆರಪಿಸ್ಟ್