ಕ್ಲಿಯರ್ ಡಬ್ಬಿ ಕೊಡುವ ಮೊದಲು ಇನ್ನು ನಾವೇ ನಾಲ್ಕು ಮಾತು ಕೇಳುತ್ತೇವೆ

ನಮಸ್ಕಾರ.

ನಮ್ಮ ಹುಬ್ಬಳ್ಳಿ ಅಂಗಡಿಯಲ್ಲಿ ಮಾಡೆಲ್ ವಿಮಾನದ ಸಾಮಾನು ಒಯ್ಯುವ ಎಲ್ಲರಿಗೂ ಈ ಪತ್ರ. ಈ ತಿಂಗಳಿಂದ ಕ್ಲಿಯರ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಲೇಪ) ಸ್ಪ್ರೇ ಡಬ್ಬಿಯನ್ನು ಕೇಳಿದ ಕೂಡಲೇ ಸುಮ್ನೆ ಎತ್ತಿ ಕೊಡುವುದನ್ನು ನಿಲ್ಲಿಸಿದ್ದೇವೆ. ಕೆಳಗೆ ಯಾವ ಬಣ್ಣ ಇದೆ, ಹೊಡೆದು ಎಷ್ಟು ದಿನ ಆಯಿತು, ಬಾಡಿ ಬಾಲ್ಸಾ ಎಂಬ ಹಗುರ ಕಟ್ಟಿಗೆಯದ್ದೋ ಥರ್ಮಾಕೋಲ್‌ದೋ, ಓಡುವುದು ಬ್ಯಾಟರಿ ಮೇಲೋ ಇಂಧನ ಸುಡುವ ಸಣ್ಣ ಗ್ಲೋ ಎಂಜಿನ್ ಮೇಲೋ. ಇಷ್ಟು ಹೇಳಿದ ಮೇಲೆಯೇ ಡಬ್ಬಿ. ಕಿರಿಕಿರಿ ಅನಿಸಬಹುದು, ಗೊತ್ತು.

ತಪ್ಪು ನಮ್ಮದೇ. ಧಾರವಾಡದ ಹುಡುಗನೊಬ್ಬ ಬಾಲ್ಸಾ ರೆಕ್ಕೆಗೆ ಹಳದಿ ಎನಾಮಲ್ (ನಿಧಾನ ಗಟ್ಟಿಯಾಗುವ ಎಣ್ಣೆ ಬಣ್ಣ) ಹೊಡೆದು ನಾಲ್ಕು ದಿನ ಆಗಿತ್ತು. "ಅಣ್ಣಾ, ಇದರ ಮ್ಯಾಲೆ ಯಾವ ಕ್ಲಿಯರ್ ಹೊಡೀಲಿ?" ಅಂದ. ಅಂಗಡಿಯಲ್ಲಿ ಗದ್ದಲ ಇತ್ತು. "ಯಾವುದಾದ್ರೂ ನಡೀತೈತಿ" ಅಂತ ಲ್ಯಾಕರ್ ಕ್ಲಿಯರ್ (ಥಿನ್ನರ್ ಆರಿದ ಕೂಡಲೇ ಒಣಗುವ ಜಾತಿ) ಕೊಟ್ಟು ಕಳಿಸಿದೆವು. ಮರುದಿನ ರೆಕ್ಕೆ ಬಗಲಲ್ಲಿ ಹಿಡಿದುಕೊಂಡೇ ಬಂದ. ಬಣ್ಣವೆಲ್ಲ ಕಾಸಿದ ಹಾಲಿನ ಕೆನೆ ಮುದುಡಿದ ಹಾಗೆ ಸುಕ್ಕುಗಟ್ಟಿತ್ತು. ಬೆರಳಿಟ್ಟರೆ ಸರಿಯುತ್ತಿತ್ತು. ಎರಡು ತಿಂಗಳ ಕೆಲಸ. ಹೊಸ ಬಣ್ಣ, ಉಜ್ಜುವ ಪೇಪರ್ ಎಲ್ಲ ನಾವೇ ಕೊಟ್ಟೆವು, ಆದರೂ ಅವನ ಮುಖ ನೋಡಲಾಗಲಿಲ್ಲ.

ಆದದ್ದು ಇಷ್ಟೇ. ಲ್ಯಾಕರ್‌ನ ಥಿನ್ನರ್ ಬಹಳ ಖಾರ. ಎನಾಮಲ್ ಮೇಲೆ ಮುಟ್ಟಿದರೆ ಒಣಗಿದಂತೆ ಕಂಡರೂ, ಒಳಗೆ ಗಾಳಿ ಕುಡಿದು ಗಟ್ಟಿಯಾಗಲು ಅದಕ್ಕೆ ಜಾಸ್ತಿ ದಿನ ಬೇಕು. ಆ ಅರ್ಧಂಬರ್ಧ ಹೊತ್ತಿನಲ್ಲಿ ಲ್ಯಾಕರ್ ಬಿದ್ದರೆ ಎನಾಮಲ್ ಉಬ್ಬಿ ಮೇಲೇಳುತ್ತದೆ. ತಿರುಗಿಸಿ ಮಾಡಿದರೆ, ಅಂದರೆ ಚೆನ್ನಾಗಿ ಒಣಗಿದ ಲ್ಯಾಕರ್ ಮೇಲೆ ಎನಾಮಲ್ ಹೊಡೆದರೆ, ಸಾಮಾನ್ಯವಾಗಿ ತೊಂದರೆ ಇಲ್ಲ.

ಡಬ್ಬಿ ಮೇಲೆ 'ಅಕ್ರಿಲಿಕ್' ಅಂತ ಬರೆದಿದ್ದರೆ ನೀರಿನ ಬಣ್ಣ ಅಂತ ಜನ ತಿಳಿಯುತ್ತಾರೆ. ಹಾಗೇನಿಲ್ಲ. ಸ್ಪ್ರೇ ಡಬ್ಬಿಯ ಅಕ್ರಿಲಿಕ್ ಎಷ್ಟೋ ಸಲ ಅಕ್ರಿಲಿಕ್ ಲ್ಯಾಕರ್, ಒಳಗಿರುವುದು ಥಿನ್ನರೇ. ಥರ್ಮಾಕೋಲ್ ಮೇಲೆ ಹೊಡೆದು ನೋಡಿ, ಇರುವೆ ತಿಂದ ಬೆಲ್ಲದ ಹಾಗೆ ಗುಳಿ ಬೀಳುತ್ತದೆ. ಥರ್ಮಾಕೋಲ್‌ಗೆ ನೀರಿನ ಬಣ್ಣ, ನೀರಿನ ವಾರ್ನಿಷ್, ಬ್ರಷ್. ಅಷ್ಟೇ.

ಬ್ಯಾಟರಿ ವಿಮಾನಕ್ಕೆ ಇಂಧನದ ತಲೆನೋವಿಲ್ಲ. ಗ್ಲೋ ಎಂಜಿನ್ ಇದ್ದರೆ ಮಾತು ಬೇರೆ. ಅದರ ಇಂಧನದಲ್ಲಿ ಮೆಥನಾಲ್, ಸಾಮಾನ್ಯವಾಗಿ ನೈಟ್ರೋ (ನೈಟ್ರೋಮೀಥೇನ್), ಔಡಲ ಎಣ್ಣೆಯೋ ಬೇರೆ ಎಣ್ಣೆಯೋ ಇರುತ್ತದೆ. ಸೈಲೆನ್ಸರ್‌ನಿಂದ ಅದು ಬಾಡಿ ಮೇಲೆ ಸಿಡಿಯುತ್ತಲೇ ಇರುತ್ತದೆ. ಸಾದಾ ಕ್ಲಿಯರ್ ಒಂದೆರಡು ಭಾನುವಾರದಲ್ಲೇ ಅಂಟಂಟು. ಅಲ್ಲಿಗೆ ಹಾರ್ಡ್‌ನರ್ ಸೇರುವ 2ಕೆ (ಎರಡು ಭಾಗ ಕಲೆಸಿ ಗಟ್ಟಿಯಾಗುವ) ಕ್ಲಿಯರ್ ಬೇಕು. ದುಬಾರಿ, ಒಪ್ಪಿದೆ. ತಳದ ಪಿನ್ ಒತ್ತಿ ಹಾರ್ಡ್‌ನರ್ ಕಲೆಸಿದ ಮೇಲೆ ಡಬ್ಬಿ ಇಟ್ಟುಕೊಳ್ಳಲು ಆಗುವುದಿಲ್ಲ, ಒಳಗೇ ಗಟ್ಟಿಯಾಗುತ್ತದೆ. ಅದರಲ್ಲಿ ಐಸೋಸಯನೇಟ್ ಇದೆ, ಎದೆಗೆ ಕೆಟ್ಟದ್ದು. ಧೂಳಿನ ಮಾಸ್ಕ್ ಸಾಲದು, ಪೇಂಟರ್‌ಗಳ ಕಾರ್ಟ್ರಿಡ್ಜ್ ಮಾಸ್ಕ್ ಬೇಕು, ಬಯಲಲ್ಲೇ ಹೊಡೆಯಬೇಕು. ಆ ಮಾಸ್ಕ್ ಇಲ್ಲದವರಿಗೆ 2ಕೆ ಮಾರುವುದಿಲ್ಲ. ಸಿಟ್ಟಾಗಬೇಡಿ.

ಧಾರವಾಡದವರಿಗೆ ಇನ್ನೊಂದು ಮಾತು. ಜಿಟಿಜಿಟಿ ಮಳೆ ಹಿಡಿದಾಗ ಲ್ಯಾಕರ್ ಹೊಡೆಯಬೇಡಿ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲೇ ಕೂರುತ್ತದೆ, ಕ್ಲಿಯರ್ ಮಜ್ಜಿಗೆ ಬಳಿದಂತೆ ಬೆಳ್ಳಗಾಗುತ್ತದೆ. ಬಿಸಿಲು ಬಿದ್ದ ದಿನ, ಒಂದು ಗೇಣು ದೂರದಿಂದ, ತೆಳ್ಳಗೆ ಎರಡು ಮೂರು ಸಲ.

ಈಗ ಕಪಾಟಿನಲ್ಲಿ ಡಬ್ಬಿಗಳನ್ನು ಕಂಪನಿ ಪ್ರಕಾರ ಇಟ್ಟಿಲ್ಲ, ಜೋಡಿ ಪ್ರಕಾರ ಇಟ್ಟಿದ್ದೇವೆ. ಲ್ಯಾಕರ್‌ಗೆ ಕೆಂಪು ಸ್ಟಿಕ್ಕರ್, ಎನಾಮಲ್‌ಗೆ ಹಳದಿ, ನೀರಿನದ್ದಕ್ಕೆ ನೀಲಿ. ಪ್ರೈಮರ್, ಬಣ್ಣ, ಕ್ಲಿಯರ್ ಮೂರೂ ಒಂದೇ ಸ್ಟಿಕ್ಕರಿನವು ಒಯ್ದರೆ ಜಗಳ ಕಡಿಮೆ. ಜೊತೆಗೆ ಎರಡು ಬಾಲ್ಸಾ ಚೂರು ಪುಕ್ಕಟೆ. ಮೊದಲು ಅದರ ಮೇಲೆ ಅದೇ ಬಣ್ಣ, ಅಷ್ಟೇ ದಿನ ಬಿಟ್ಟು ಅದೇ ಕ್ಲಿಯರ್ ಹೊಡೆಯಿರಿ. ಒಂದು ರಾತ್ರಿ ಕಾಯಿರಿ. ಗ್ಲೋ ಎಂಜಿನ್‌ನವರು ಮೇಲೆ ಒಂದು ಹನಿ ಇಂಧನ ಇಟ್ಟು ಒರೆಸಿ ನೋಡಿ. ಸುಕ್ಕಾದರೆ, ಅಂಟಾದರೆ, ಆ ಚೂರು ತಂದು ತೋರಿಸಿ. ಉಳಿದ ಡಬ್ಬಿ ವಾಪಸ್ ತೆಗೆದುಕೊಂಡು ಬೇರೆ ಕೊಡುತ್ತೇವೆ. 2ಕೆಗೆ ಮಾತ್ರ ಇದು ಆಗುವುದಿಲ್ಲ.

ಮನೆಯಲ್ಲಿ ಹಳೆಯ ಡಬ್ಬಿ ಇದ್ದರೂ ತನ್ನಿ. ಹಿಂದಿನ ಸಣ್ಣ ಅಕ್ಷರ ನಾವೇ ಓದಿ ಸ್ಟಿಕ್ಕರ್ ಹಚ್ಚುತ್ತೇವೆ. ಭಾನುವಾರ ಬೆಳಿಗ್ಗೆ ಮಾತ್ರ ಬರಬೇಡಿ, ಆವಾಗ ನಾವೂ ವಿಮಾನ ಹಾರಿಸಲು ಹೋಗಿರುತ್ತೇವೆ.

ನಿಮ್ಮ ಅಂಗಡಿಯವರು
ಹುಬ್ಬಳ್ಳಿ